ಕೊತ್ತಂಬರಿ ಬೀದಿಯಿಂದ ಅಡಿಕೆ ತೋಟಕ್ಕೆ

ಲಂಡನ್ನಿನ ಡಿಎಲ್‌ಆರ್ ರೈಲಿಗೆ ಚಾಲಕನ ಕೋಣೆಯೇ ಇಲ್ಲ. ಮೊದಲ ಡಬ್ಬಿಯ ಮುಂದಿನ ಸೀಟು ಸಿಕ್ಕಿತೆಂದರೆ ಹಳಿಗಳೆಲ್ಲ ನಮ್ಮ ಕಾಲಡಿಗೇ ಓಡಿ ಬರುತ್ತವೆ. ಆ ಸೀಟಿಗೆ ಕಣ್ಣಿಟ್ಟಿದ್ದ ಪುಟ್ಟ ಮಕ್ಕಳನ್ನು ಹಿಂದಿಕ್ಕಿ, ಒಂದಿಷ್ಟೂ ನಾಚಿಕೆಯಿಲ್ಲದೆ ಅಲ್ಲಿ ಕೂತು ಬಂದ ನಾನು ‘ಈಸ್ಟ್ ಇಂಡಿಯಾ’ ಎಂಬ ನಿಲ್ದಾಣದಲ್ಲಿ ಇಳಿಯುತ್ತೇನೆ. ಹೊರಗೆ ಬಂದು ಬೀದಿಗಳ ಹೆಸರು ಓದಿದರೆ ನಗು ತಡೆಯದು. ಕೋರಿಯಾಂಡರ್ ಅವೆನ್ಯೂ, ಕ್ಲೋವ್ ಕ್ರೆಸೆಂಟ್, ನಟ್‌ಮೆಗ್ ಲೇನ್, ಸ್ಯಾಫ್ರನ್ ಅವೆನ್ಯೂ. ಕೊತ್ತಂಬರಿ, ಲವಂಗ, ಜಾಯಿಕಾಯಿ, ಕೇಸರಿ ಎಲ್ಲ ಇವೆ, ನಮ್ಮ ಕಾಳುಮೆಣಸಿಗೆ ಮಾತ್ರ ಒಂದು ಓಣಿಯೂ ಕಾಣಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದಿದ್ದರಲ್ಲ, ಅವಳ ಸೀಮೆಯಿಂದ ಬಂದವಳಾಗಿ ನನಗೆ ಸಣ್ಣಗೆ ಸಿಟ್ಟೂ ಬಂತು.

ಪೂರ್ವ ದೇಶಗಳ ಹಡಗುಗಳಿಗೆಂದು 1806ರಲ್ಲಿ ತೆರೆದ ಇಲ್ಲಿನ ಧಕ್ಕೆ 1967ರಲ್ಲಿ ಮುಚ್ಚಿತು. ಈಗ ಅದೇ ನೆಲದಲ್ಲಿ ಮುಖಭಾವವೇ ಇಲ್ಲದ ದೊಡ್ಡ ದೊಡ್ಡ ಕಟ್ಟಡಗಳು ನಿಂತಿವೆ. ಹೆಸರು ಟೆಲಿಹೌಸ್. ಮೊದಲನೆಯದು 1990ರಲ್ಲಿ ಶುರುವಾಯಿತು. 1994ರಲ್ಲಿ ಬ್ರಿಟನ್ನಿನ ಕೆಲವು ಇಂಟರ್‌ನೆಟ್ ಕಂಪನಿಗಳು ಇಲ್ಲೇ ತಮ್ಮ ತಂತಿಗಳನ್ನು ಒಂದಕ್ಕೊಂದು ಜೋಡಿಸಿ ‘ಲಿಂಕ್ಸ್’ ಎಂಬ ವಿನಿಮಯ ಕೇಂದ್ರ ಮಾಡಿಕೊಂಡವು. ಅದಕ್ಕೂ ಮುಂಚೆ ಲಂಡನ್ನಿನ ಒಂದು ಮನೆಯಿಂದ ಪಕ್ಕದ ಬೀದಿಗೆ ಹೋಗುವ ಸಂದೇಶವೂ ಅಮೆರಿಕಕ್ಕೆ ಹೋಗಿ ಬರುವ ಸಂಭವವಿತ್ತಂತೆ. ಒಳಗೆ ನೋಡಬಹುದೇ ಎಂದು ಬಾಗಿಲಲ್ಲಿ ಕೇಳಿದೆ. ಕಾವಲಿನವನು ಬಹಳ ಮರ್ಯಾದೆಯಿಂದ ಇಲ್ಲ ಎಂದ. ನಮ್ಮೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಾದರೆ ಕೂರಿಸಿ ಚಹಾ ಕೊಡುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಒಂದು ದೂರಿನ ಬೆನ್ನು ಹತ್ತಿ. ಲಂಡನ್ನಿನ ಮಗಳ ಮನೆಯಿಂದ ಸಿದ್ದಾಪುರದ ಕಡೆಯ ಹಳ್ಳಿಯಲ್ಲಿರುವ ಅಕ್ಕನಿಗೆ ವೀಡಿಯೊ ಕಾಲ್ ಮಾಡಿದರೆ, ಅಕ್ಕನ ಮುಖ ಬಾಯಿ ತೆರೆದಲ್ಲೇ ನಿಂತು ಮಾತು ಮುಂದೆ ಹೋಗುತ್ತದೆ. ಮುಖ ಮತ್ತೆ ಹೊರಟಿತು ಅನ್ನುವಷ್ಟರಲ್ಲಿ ಮಾತು ಕಟ್ಟುತ್ತದೆ. ‘ಕೂಸೇ, ಕೇಳ್ತಾ?’ ಅನ್ನುವುದು ಮಾತ್ರ ಸ್ಪಷ್ಟವಾಗಿ ಕೇಳುವ ಮಾತು. ‘ನಡುವೆ ಅಷ್ಟು ದೊಡ್ಡ ಸಮುದ್ರ ಇದ್ದು, ತಡ ಆಗ್ದೇ ಇರ್ತಾ’ ಎಂದು ಅಕ್ಕ ತೀರ್ಪನ್ನೂ ಕೊಟ್ಟಿದ್ದಳು. ತಪ್ಪು ಸಮುದ್ರದ್ದೇ ಹೌದೋ ಅಲ್ಲವೋ ನೋಡಿಯೇ ಬಿಡೋಣ ಎಂಬ ಹಟ ನನಗೆ ಹತ್ತಿತು.

ಅಳಿಯ ಕಂಪ್ಯೂಟರಿನವನು. ‘ಅತ್ತೆ, ನಿಮಗೆ ದಾರಿಯನ್ನೇ ತೋರಿಸ್ತೇನೆ’ ಎಂದು ಕಪ್ಪು ಪರದೆಯೊಂದನ್ನು ತೆರೆದು ಟ್ರೇಸ್‌ರೂಟ್ ಎಂಬ ವಿದ್ಯೆ ಮಾಡಿದ. ಅದು ಕೆಲಸ ಮಾಡುವ ರೀತಿ ಸೊಗಸು. ಒಂದು ಪುಟ್ಟ ಪೊಟ್ಟಣಕ್ಕೆ ಒಂದೇ ಹೆಜ್ಜೆಯ ಆಯುಸ್ಸು ಬರೆದು ಕಳಿಸುತ್ತಾರೆ. ಮೊದಲ ರೂಟರಿನಲ್ಲೇ ಅದು ಸಾಯುತ್ತದೆ, ಆ ರೂಟರು ಸಾವಿನ ಸುದ್ದಿಯನ್ನು ವಾಪಸು ತಿಳಿಸುತ್ತದೆ. ಮುಂದಿನದಕ್ಕೆ ಎರಡು ಹೆಜ್ಜೆಯ ಆಯುಸ್ಸು, ಅದರ ಮುಂದಿನದಕ್ಕೆ ಮೂರು. ಹೀಗೆ ಬಂದ ಸಾವಿನ ಸುದ್ದಿಗಳನ್ನು ಸಾಲಾಗಿ ಓದಿದರೆ ದಾರಿಯ ಊರುಗಳೆಲ್ಲ ಗೊತ್ತಾಗುತ್ತವೆ. ಕೆಲವು ರೂಟರುಗಳು ಉತ್ತರವನ್ನೇ ಕೊಡುವುದಿಲ್ಲ, ಅಲ್ಲಿ ಬರೀ ನಕ್ಷತ್ರ ಚಿಹ್ನೆ. ಉತ್ತರ ಕೊಟ್ಟವುಗಳ ಉದ್ದುದ್ದ ಹೆಸರಿನ ನಡುವೆ ಊರಿನ ಗುರುತು ಅಡಗಿರುತ್ತದೆ. ಲಂಡನ್, ಮಾರ್ಸೇ, ಮುಂಬಯಿ, ಬೆಂಗಳೂರು. ಪ್ರತಿ ಸಾಲಿನ ಕೊನೆಗೆ ಹೋಗಿ ಬರಲು ಹಿಡಿದ ಹೊತ್ತು. ಫ್ರಾನ್ಸಿನ ಕಡಲಂಚಿನ ಮಾರ್ಸೇಗೆ ಇಪ್ಪತ್ತು ಮಿಲಿಸೆಕೆಂಡಿನ ಆಸುಪಾಸು. ಮುಂದಿನ ಸಾಲಿಗೆ ಒಮ್ಮೆಲೇ ನೂರಿಪ್ಪತ್ತರ ಹತ್ತಿರ. ಆ ಎರಡು ಸಾಲುಗಳ ನಡುವೆ ಮೆಡಿಟರೇನಿಯನ್, ಈಜಿಪ್ಟ್, ಕೆಂಪು ಸಮುದ್ರ, ಅರಬ್ಬೀ ಸಮುದ್ರ ಎಲ್ಲವೂ ಇವೆ! ಬೆಂಗಳೂರಿನ ಒಂದು ಕಂಪ್ಯೂಟರಿಗೆ ಹೋಗಿ ಬರಲು ಒಟ್ಟು ನೂರೈವತ್ತು. ಅಷ್ಟೆಂದರೆ ಸೆಕೆಂಡಿನ ಸುಮಾರು ಏಳನೇ ಒಂದು ಭಾಗ.

ಅದು ಹೆಚ್ಚಾಯಿತೋ ಕಡಿಮೆಯೋ? ಸಂಶೋಧಕರು ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಬರೆದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಹೊರಡುವ ನಡುವಿನ ಬಿಡುವು ಸರಾಸರಿ ಇನ್ನೂರು ಮಿಲಿಸೆಕೆಂಡಿನ ಹತ್ತಿರ. ಮಾತು ಒಂದು ದಿಕ್ಕಿಗೆ ನೂರೈವತ್ತು ಮಿಲಿಸೆಕೆಂಡಿನೊಳಗೆ ತಲುಪಿದರೆ ಸಾಮಾನ್ಯವಾಗಿ ಯಾರಿಗೂ ತೊಂದರೆಯಾಗದು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಅದಕ್ಕಿಂತ ತುಂಬ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ಒಟ್ಟಿಗೆ ‘ನೀನೇ ಹೇಳು’ ಅನ್ನುತ್ತಾರೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತಾರೆ. ನಮ್ಮ ಸಂಭಾಷಣೆಯ ಅರ್ಧ ಇದೇ ಆಗಿತ್ತು. ಆದರೆ ಬೆಂಗಳೂರಿನವರೆಗೆ ದಾರಿ ಸಲೀಸಾಗಿದೆಯಲ್ಲ!

‘ತಡ ಒಂದೇ ಅಲ್ಲ ಅತ್ತೆ, ತಡದಲ್ಲಿ ಏರುಪೇರಾಗೋದು ಇನ್ನೂ ಕೆಟ್ಟದ್ದು’ ಎಂದ ಅಳಿಯ. ನಮ್ಮ ಮುಖ, ಮಾತುಗಳು ಸಾವಿರಾರು ತುಣುಕುಗಳಾಗಿ ಹೊರಡುತ್ತವೆ. ಒಂದೊಂದು ಒಂದೊಂದು ಹೊತ್ತಿಗೆ ತಲುಪುತ್ತವೆ. ಆ ತುದಿಯ ಫೋನು ಒಂದಿಷ್ಟು ಕಾದು ಸಾಲು ಜೋಡಿಸಿ ತೋರಿಸುತ್ತದೆ. ಅದರ ಕಾಯುವ ತಾಳ್ಮೆ ಮುಗಿದ ಮೇಲೆ ಬಂದ ತುಣುಕು, ಪಂಕ್ತಿ ಎದ್ದ ಮೇಲೆ ಬಂದ ಪಾಯಸ. ಅದನ್ನು ಎಸೆಯುವುದೇ. ಸಿನಿಮಾ ನೋಡುವಾಗ ಫೋನು ಮುಂದಿನದನ್ನು ಮೊದಲೇ ತರಿಸಿಟ್ಟುಕೊಳ್ಳಬಹುದು. ಅಕ್ಕ ಇನ್ನೂ ಆಡದ ಮಾತನ್ನು ಮೊದಲೇ ತರಿಸುವುದು ಹೇಗೆ?

ಲಂಡನ್ ಮನೆಯ ದೋಷವನ್ನೂ ಹುಡುಕಿದೆವು. ರೂಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ವ್ಯಾಕ್ಯೂಮ್ ಕ್ಲೀನರಿನ ಹಿಂದೆ. ಫೋನಿನಲ್ಲಿ ನೋಡಿದರೆ ಸುತ್ತಲಿನ ಮನೆಗಳ ವೈಫೈ ಹೆಸರುಗಳ ಪಟ್ಟಿ ಮುಗಿಯುವುದೇ ಇಲ್ಲ. ಹಳೆಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದೆ ಮಾತಾಡಬಹುದಾದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಇಡೀ ಬೀದಿ ಅಲ್ಲೇ ಜಗಳವಾಡುತ್ತಿದೆ. ಸಾಲದ್ದಕ್ಕೆ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಅಲೆಯ ನೆರೆಯಲ್ಲಿ ಬಿಸಿ ಮಾಡುವಂಥದ್ದು. ಮಗಳು ಅನ್ನ ಬಿಸಿಗಿಟ್ಟರೆ ಪರದೆಯಲ್ಲಿ ಅಕ್ಕ ಚೌಕ ಚೌಕವಾಗುತ್ತಾಳೆ. ನಾನು ಇದನ್ನು ಮೂರ್ನಾಲ್ಕು ಸಲ ಅನ್ನ ಬಿಸಿ ಮಾಡಿಸಿ ಖಚಿತ ಮಾಡಿಕೊಂಡೆ. ಫೋನನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ರೂಟರನ್ನು ಗೂಡಿನಿಂದ ಈಚೆ ತಂದ ಮೇಲೆ ಈ ತುದಿ ಶುದ್ಧವಾಯಿತು. ಅಕ್ಕ ಮಾತ್ರ ಮೊದಲಿನಂತೆಯೇ ನಿಂತು ನಿಂತು ಹೊರಡುತ್ತಿದ್ದಳು.

ಇನ್ನುಳಿದದ್ದು ಸಮುದ್ರ. ಭಾರತದ ಕಡೆಯ ಕೇಬಲ್ ಕಡಲಿಗಿಳಿಯುವ ದಡವನ್ನೇ ನೋಡಿಬರಲು ಹೊರಟೆ. ಪ್ಯಾಡಿಂಗ್ಟನ್ ನಿಲ್ದಾಣದಿಂದ ಇಂಗ್ಲೆಂಡಿನ ನೈಋತ್ಯ ಮೂಲೆಯ ಪೆನ್ಜಾನ್ಸ್‌ಗೆ ರೈಲಿನಲ್ಲಿ ಐದು ತಾಸಿನ ಮೇಲೆ. ಪ್ಯಾಡಿಂಗ್ಟನ್ ಕಟ್ಟಿಸಿದವನು ಬ್ರೂನೆಲ್ ಎಂಬ ಇಂಜಿನಿಯರ್, ಅವನದೇ ಪ್ರತಿಮೆ ಅಲ್ಲಿ ಕೂತಿದೆ. ಡಾಲಿಷ್ ಎಂಬಲ್ಲಿ ಹಳಿ ಎಷ್ಟು ಸಮುದ್ರಕ್ಕೆ ತಾಗಿ ಓಡುತ್ತದೆಂದರೆ ಕಿಟಕಿಯ ಕೆಳಗೇ ಅಲೆ. 2014ರ ಬಿರುಗಾಳಿಯಲ್ಲಿ ಗೋಡೆ ಕುಸಿದು ಹಳಿಗಳು ಗಾಳಿಯಲ್ಲಿ ನೇತಾಡಿದ್ದು ಇಲ್ಲೇ. ಸಾಲ್ಟಾಷ್‌ನಲ್ಲಿ ಟೇಮರ್ ನದಿ ದಾಟುವ 1859ರ ಸೇತುವೆಯೂ ಬ್ರೂನೆಲ್‌ನದೇ. ಅವನು ಕಟ್ಟಿದ ಇನ್ನೊಂದರ ಸಂಗತಿಯನ್ನು ಓದಿ ನಾನು ಸೀಟಿನಲ್ಲಿ ನೆಟ್ಟಗಾದೆ. ಅದು ‘ಗ್ರೇಟ್ ಈಸ್ಟರ್ನ್’ ಎಂಬ ದೈತ್ಯ ಹಡಗು. ಪ್ರಯಾಣಿಕರ ಹಡಗಾಗಿ ನಷ್ಟ ತಂದು, ಕೊನೆಗೆ ಕೇಬಲ್ ಹಾಕುವ ಹಡಗಾಗಿ ಹೆಸರು ಮಾಡಿತು. ಹೊಟ್ಟೆ ತುಂಬ ಕೇಬಲ್ ಸುತ್ತಿಕೊಂಡು ಆಫ್ರಿಕಾದ ತುದಿ ಬಳಸಿ ಬೊಂಬಾಯಿಗೆ ಬಂದು, 1870ರಲ್ಲಿ ಅಲ್ಲಿಂದ ಏಡನ್‌ವರೆಗೆ ಕಡಲ ತಳದಲ್ಲಿ ತಂತಿ ಹಾಸುತ್ತ ಹೋದದ್ದು ಇದೇ ಹಡಗು.

ಪೆನ್ಜಾನ್ಸ್‌ನಿಂದ ಪೋರ್ತ್‌ಕರ್ನೊ ಊರಿಗೆ ಮಹಡಿ ಬಸ್ಸು, ಮೇಲ್ಮಹಡಿಗೆ ಚಾವಣಿಯಿಲ್ಲ. ರಸ್ತೆಯೆಂದರೆ ನಮ್ಮ ತೋಟದ ಗಾಡಿದಾರಿಯಷ್ಟೇ ಅಗಲ, ಎರಡೂ ಕಡೆ ಕಲ್ಲು, ಬೇಲಿ. ಎದುರಿಗೆ ಕಾರು ಬಂದಾಗಲೆಲ್ಲ ಒಬ್ಬರು ಹಿಂದೆ ಹಿಂದೆ ಹೋಗಿ ಜಾಗ ಬಿಡಬೇಕು. ಬಿಟ್ಟವರಿಗೆ ಇನ್ನೊಬ್ಬರು ಕೈಯೆತ್ತಿ ವಂದಿಸುತ್ತಾರೆ. ಘಟ್ಟದ ತಿರುವಿನಲ್ಲಿ ಹಾರ್ನ್ ಬಿಟ್ಟು ಬೇರೆ ಭಾಷೆ ಬಾರದ ನಮ್ಮವರು ಇದನ್ನೊಮ್ಮೆ ನೋಡಬೇಕು. ಬೇಲಿಯ ಟೊಂಗೆಯೊಂದು ನನ್ನ ಟೋಪಿಯನ್ನು ತನ್ನದಾಗಿಸಿಕೊಂಡಿತು. ಸ್ವಲ್ಪ ಹೊತ್ತಿಗೆ ಮಳೆ. ನಮ್ಮ ಮಳೆಯ ಮುಂದೆ ಅದು ಮಳೆಯೇ ಅಲ್ಲ, ಆದರೆ ಅಡ್ಡಡ್ಡ ಬೀಳುತ್ತದೆ.

ಪೋರ್ತ್‌ಕರ್ನೊ ಕಡಲು ಗೋಕರ್ಣದ ಕುಡ್ಲೆಯನ್ನು ನೆನಪಿಸುತ್ತದೆ, ಎರಡೂ ಕಡೆ ಗುಡ್ಡ, ನಡುವೆ ಬಿಳಿಮರಳು. ನೀರಿಗೆ ಕಾಲಿಟ್ಟರೆ ಮಾತ್ರ ಗೋಕರ್ಣ ಮರೆತು ಮೂಳೆ ನೆನಪಾಗುತ್ತದೆ. 1870ರ ಜೂನ್‌ನಲ್ಲಿ ಇಲ್ಲಿ ದಡ ಮುಟ್ಟಿದ ಕೇಬಲ್ಲು ಪೋರ್ಚುಗಲ್, ಜಿಬ್ರಾಲ್ಟರ್, ಮಾಲ್ಟಾ, ಈಜಿಪ್ಟ್, ಏಡನ್ ದಾಟಿ ಬೊಂಬಾಯಿಗೆ ಸೇರಿತು. ಪ್ರತಿ ತಂಗುದಾಣದಲ್ಲೂ ಗುಮಾಸ್ತನೊಬ್ಬ ಬಂದ ಸುದ್ದಿಯನ್ನು ಓದಿ, ಮತ್ತೆ ಬಡಿದು ಮುಂದೆ ಕಳಿಸಬೇಕು. ಆದರೂ ಹಡಗಿನ ಅಂಚೆಗೆ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ನಿಮಿಷಗಳಲ್ಲಿ ತಲುಪತೊಡಗಿತು. ಒಂದು ಕಾಲಕ್ಕೆ ಇಲ್ಲಿ 14 ಕೇಬಲ್‌ಗಳಿದ್ದು, ಪ್ರಪಂಚದಲ್ಲೇ ದೊಡ್ಡ ಕಡಲ ತಂತಿ ನಿಲ್ದಾಣ ಇದಾಗಿತ್ತು. ಅವು ದಡಕ್ಕೆ ಬಂದು ಸೇರುತ್ತಿದ್ದ ಗುಡಿಸಲು ಇಂದಿಗೂ ಇದೆ. ನಮ್ಮ ಪಂಪ್‌ಹೌಸಿಗಿಂತ ಬಹಳ ದೊಡ್ಡದೇನಲ್ಲ. ಅದರ ಗೋಡೆಗೆ ಬಾಯಿಟ್ಟ ತಂತಿತುದಿಗಳ ಮೇಲೆ ಊರುಗಳ ಹೆಸರು.

ಈ ಕಡಲ ತಂತಿಗಳ ಸಂಗ್ರಹಾಲಯ ಇರುವುದು ಗ್ರಾನೈಟ್ ಬೆಟ್ಟದೊಳಗಿನ ಸುರಂಗದಲ್ಲಿ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ, ಕಾರ್ನ್‌ವಾಲ್‌ನ ತವರದ ಗಣಿ ಕೆಲಸಗಾರರನ್ನು ಕರೆಸಿ ಇದನ್ನು ಕೊರೆಸಿದರು. ಇದೇ ಸೀಮೆಯ ಗಣಿಯವರು ಹತ್ತೊಂಬತ್ತನೇ ಶತಮಾನದ ಕೊನೆಗೆ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದಿದ್ದರು. ಅವರ ಬುತ್ತಿ ಪಾಸ್ಟಿ ಎಂಬ ದಪ್ಪ ಅಂಚಿನ ಕಡುಬು ಇಲ್ಲಿ ಎಲ್ಲೆಲ್ಲೂ ಮಾರಾಟಕ್ಕಿದೆ. ಮಾಂಸವಿಲ್ಲದ್ದು ಕೇಳಿದರೆ ಚೀಸು, ಈರುಳ್ಳಿ ತುಂಬಿದ್ದು ಕೊಟ್ಟರು. ಅಂಚನ್ನು ಗಣಿಯವರು ಎಸೆಯುತ್ತಿದ್ದರಂತೆ, ನಾನು ಕೊಟ್ಟ ದುಡ್ಡನ್ನು ನೆನೆದು ತಿಂದೆ.

ಸುರಂಗದಲ್ಲಿ ಒಬ್ಬ ಹಿರಿಯರು ಹಳೆಯ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ಪುಟ್ಟ ಕನ್ನಡಿಯೊಂದು ರೇಷ್ಮೆ ಎಳೆಗೆ ತೂಗುತ್ತಿದೆ, ಅದರ ಮೇಲೆ ಬಿದ್ದ ಬೆಳಕಿನ ಚುಕ್ಕಿ ಎಡಕ್ಕೆ ಸರಿದರೆ ಒಂದು ಗುರುತು, ಬಲಕ್ಕೆ ಸರಿದರೆ ಇನ್ನೊಂದು. ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು, ಇದನ್ನು ಮಾಡಿದ. ಇದರೊಂದಿಗೆ ಒಂದು ದುರಂತದ ಕಥೆಯೂ ಇದೆ. 1858ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಕೇಬಲ್‌ನಲ್ಲಿ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಹೋಗಲು ಸುಮಾರು 16 ಗಂಟೆ ಹಿಡಿಯಿತು. ಉದ್ದ ತಂತಿಯಲ್ಲಿ ಒಂದು ಗುರುತು ಇನ್ನೊಂದರ ಮೇಲೆ ಚೆಲ್ಲಿ ಕಲಸಿಹೋಗುತ್ತಿತ್ತು. ವೈಟ್‌ಹೌಸ್ ಎಂಬ ಉಸ್ತುವಾರಿ ‘ಕೇಳುತ್ತಿಲ್ಲವೇ, ಜೋರಾಗಿ ಕಳಿಸೋಣ’ ಎಂಬ ನೀತಿಯವನು, ಎರಡು ಸಾವಿರ ವೋಲ್ಟಿನಷ್ಟು ಹರಿಸಿದ. ಕೆಲವೇ ವಾರಗಳಲ್ಲಿ ಕೇಬಲ್ ಸತ್ತಿತು. ಕಳಿಸುವುದು ಮೆಲ್ಲಗಿರಲಿ, ಕೇಳುವ ಕಿವಿ ಚುರುಕಾಗಲಿ ಎಂಬುದು ಥಾಮ್ಸನ್‌ನ ವಾದ, ಗೆದ್ದದ್ದು ಅದೇ. ಕಾಲ್ ಕಟ್ಟಿದೊಡನೆ ಮನೆಯೆಲ್ಲ ಕೇಳುವಂತೆ ‘ಹಲೋ, ಹಲೋ’ ಎಂದು ಕೂಗುವ ನಾವೆಲ್ಲ ವೈಟ್‌ಹೌಸ್ ಪಕ್ಷದವರು.

ಮರಳಿನ ಮೇಲೆ ನಿಂತಿದ್ದೇನೆ. 1997ರಲ್ಲಿ ಕೆಲಸ ಶುರು ಮಾಡಿದ ‘ಫ್ಲ್ಯಾಗ್’ ಎಂಬ ಗಾಜಿನೆಳೆಯ ಕೇಬಲ್ ಕೂಡ ಇದೇ ಊರಿಂದ ಹೊರಟು, ಮುಂಬಯಿ ಮುಟ್ಟಿ ಜಪಾನಿನವರೆಗೆ ಹೋಗುತ್ತದೆ, ಸುಮಾರು 28,000 ಕಿಲೋಮೀಟರ್. ಗಾಜಿನಲ್ಲಿ ಬೆಳಕಿನ ಓಟ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್. ದಾರಿಯಲ್ಲಿ ಅರವತ್ತೋ ನೂರೋ ಕಿಲೋಮೀಟರಿಗೊಂದು ಪೆಟ್ಟಿಗೆ ಬಳಲಿದ ಬೆಳಕಿಗೆ ಮತ್ತೆ ಬಲ ತುಂಬುತ್ತದೆ. ಲಂಡನ್ನಿನಿಂದ ಮುಂಬಯಿಗೆ ಕೇಬಲ್ ದಾರಿ ಹನ್ನೊಂದು ಹನ್ನೆರಡು ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೂ ಒಂದು ದಿಕ್ಕಿಗೆ ಬೆಳಕಿಗೆ ಅರವತ್ತು ಮಿಲಿಸೆಕೆಂಡ್ ಸಾಕು, ಹೋಗಿ ಬರಲು ಅದರ ಎರಡರಷ್ಟು. ಟ್ರೇಸ್‌ರೂಟ್ ತೋರಿಸಿದ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ. ಸಮುದ್ರ ನಿರ್ದೋಷಿ, ಅಕ್ಕನಿಗೆ ಇದನ್ನು ಹೇಳಬೇಕು ಎಂದು ಫೋನು ತೆಗೆದರೆ ಈ ದಡದಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲ!

ಊರಿಗೆ ಹೊರಟ ವಿಮಾನಕ್ಕೆ ಮುಂಬಯಿ ಒಂಬತ್ತು ಗಂಟೆಯ ದಾರಿ. ಸೀಟಿನ ಮುಂದಿನ ನಕ್ಷೆ ನೋಡುತ್ತ ಬಂದೆ. ಕೆಂಪು ಸಮುದ್ರದ ಇಕ್ಕಟ್ಟಿನಲ್ಲಿ ಯುರೋಪಿಗೂ ನಮಗೂ ನಡುವಿನ ಹೆಚ್ಚಿನ ಕೇಬಲ್‌ಗಳು ಒತ್ತೊತ್ತಾಗಿ ಹೋಗುತ್ತವೆ. 2024ರ ಫೆಬ್ರುವರಿಯಲ್ಲಿ ಅಲ್ಲಿ ಕೆಲವು ಕಡಿದವು. 2025ರ ಸೆಪ್ಟೆಂಬರ್‌ನಲ್ಲಿ ಜೆಡ್ಡಾದ ಬಳಿ ಮತ್ತೆ ಕಡಿದು ಭಾರತ, ಪಾಕಿಸ್ತಾನಗಳಲ್ಲಿ ಇಂಟರ್‌ನೆಟ್ ಕುಂಟಿತು. ಹಾಗೆ ನೋಡಿದರೆ ಸಮುದ್ರವೂ ಒಮ್ಮೊಮ್ಮೆ ಅಪರಾಧಿಯೇ. ಲೋಕದಲ್ಲಿ ವರ್ಷಕ್ಕೆ ನೂರೈವತ್ತರಿಂದ ಇನ್ನೂರು ಕಡೆ ಕೇಬಲ್ ಕೆಡುತ್ತದೆ, ಹೆಚ್ಚಿನವು ಮೀನುಬಲೆ, ಲಂಗರುಗಳಿಂದ. ಆದರೆ ಆಗ ಇಡೀ ದೇಶಕ್ಕೇ ತಡವಾಗುತ್ತದೆ. ಅಕ್ಕನ ಮನೆಗೊಂದಕ್ಕೇ ಅಲ್ಲ.

ಕೊಂಕಣ ರೈಲು ಶರಾವತಿಯ ಎರಡು ಕಿಲೋಮೀಟರ್ ಉದ್ದದ ಸೇತುವೆಯ ಹತ್ತಿರ ಹೊನ್ನಾವರದಲ್ಲಿ ಇಳಿಸಿತು. ಅಲ್ಲಿಂದ ಬಸ್ಸು, ಗೇರುಸೊಪ್ಪೆ, ಘಟ್ಟ. ಘಟ್ಟದಲ್ಲಿ ಫೋನಿನ ಕಡ್ಡಿಗಳು ಒಂದೊಂದಾಗಿ ಉದುರಿ ಮಾವಿನಗುಂಡಿ ಬರುವವರೆಗೂ ಫೋನು ಬರೀ ಗಡಿಯಾರ.

ಅಕ್ಕನ ಮನೆಯಲ್ಲಿ ಕೈಕಾಲು ತೊಳೆದು, ಆಸರಿಗೆ ಕುಡಿದು, ಅಳಿಯ ಹೇಳಿಕೊಟ್ಟಂತೆ ಅವನ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಮೊದಲ ಪರೀಕ್ಷೆ ಸುಲಭ. ಲಂಡನ್ ಬೇಡ, ಬೆಂಗಳೂರು ಬೇಡ, ಇದೇ ಮನೆಯ ಮಹಡಿಯಲ್ಲಿ, ಅಂದರೆ ಮೆತ್ತಿಯಲ್ಲಿ ಇರುವ ರೂಟರಿಗೆ ಕೂಗಿ ನೋಡುವುದು. ಉತ್ತರ ಎರಡೋ ಮೂರೋ ಮಿಲಿಸೆಕೆಂಡಿನಲ್ಲಿ ಬರಬೇಕು. ಅಕ್ಕ ಯಾವಾಗಲೂ ಕೂತು ಮಾತಾಡುವ ಅಡುಗೆಮನೆಯ ಬಾಗಿಲಲ್ಲಿ ಕೂತು ಕೂಗಿದೆ. ಮೂರು, ಎಂಬತ್ತು, ನಾನೂರು, ಉತ್ತರವಿಲ್ಲ, ಆರುನೂರು! ಪೋರ್ಚುಗಲ್ಲಿನಿಂದ ಅರಬ್ಬೀ ಸಮುದ್ರದವರೆಗಿನ ದಾರಿಗಿಂತ ಅಡುಗೆಮನೆಯಿಂದ ಮೆತ್ತಿಯ ದಾರಿಯೇ ದೂರ!

ಮೆತ್ತಿ ಹತ್ತಿ ನೋಡಿದೆ. ರೂಟರು ಸ್ಟೀಲ್ ಬೀರುವಿನ ಹಿಂದೆ, ಧೂಳು ಕೂರದಿರಲೆಂದು ಟವೆಲ್ ಹೊದ್ದುಕೊಂಡಿದೆ. ಕೆಳಗೆ ಮೊಳದಷ್ಟು ದಪ್ಪದ ಚಿರೆಕಲ್ಲಿನ ಗೋಡೆ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ಮಳೆಗಾಲದಲ್ಲಿ ನೀರು ಕುಡಿದ ಕಲ್ಲು ಅದನ್ನು ನುಂಗುತ್ತದೆ. ಇಳಿಸಿ ಜಗುಲಿಯ ಗೂಡಿನಲ್ಲಿಟ್ಟೆವು. ಎರಡನೆಯ ಕಳ್ಳ ಅಂಗಳದಲ್ಲಿದ್ದ. ಒಣಗಿಸಿದ ಅಡಿಕೆ ಕಾಯಲು ಭಾವ ಹಾಕಿಸಿದ ಸಿಸಿಟಿವಿ ಕ್ಯಾಮೆರಾಗಳು ಹಗಲೂ ರಾತ್ರಿ ಚಿತ್ರಗಳನ್ನು ಎಲ್ಲೋ ಮೇಲೆ ಕಳಿಸುತ್ತಿರುತ್ತವೆ. ಇಳಿಯುವ ದಾರಿ ಎಷ್ಟೇ ಅಗಲವಿರಲಿ, ಏರುವ ದಾರಿ ತುಂಬಿದರೆ ಅಕ್ಕನ ಮುಖ ಸರತಿಯಲ್ಲಿ ನಿಲ್ಲಬೇಕು. ‘ಕ್ಯಾಮೆರಾ ಬಂದ್ ಮಾಡದಿದ್ರೆ ಆಗ್ತಿಲ್ಯ?’ ಎಂದರು ಭಾವ, ಅಡಿಕೆಯ ಈಗಿನ ದರ ನೆನಪಿಸಿ. ಬಂದ್ ಬೇಡ, ಚಿತ್ರದ ಗುಣಮಟ್ಟ ಇಳಿಸಿದರೆ ಸಾಕು ಎಂದು ರಾಜಿಯಾಯಿತು. ಅಕ್ಕನ ಫೋನಿಗೆ ದಪ್ಪ ಕವಚ, ಕಾಲ್ ಮಾಡುವಾಗಲೂ ಚಾರ್ಜಿಗೆ. ಮುಟ್ಟಿದರೆ ಬಿಸಿ. ಬಿಸಿಯಾದ ಫೋನು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಕವಚ ತೆಗೆದು, ವೈರು ಕಿತ್ತೆವು.

ಇಷ್ಟಾದರೂ ಗಾಳಿ ಬೀಸಿದಾಗ ಮಾತ್ರ ಚಿತ್ರ ಒಡೆಯುತ್ತಿತ್ತು. ಲೈನ್‌ಮನ್‌ಗೆ ಹೇಳಿಕಳಿಸಿದ್ದಕ್ಕೆ ಸಂಜೆ ಹೊತ್ತಿಗೆ ಬೈಕಿನಲ್ಲಿ ಬಂದ. ಬೆಳಕಿನ ಬಲ ಅಳೆಯುವ ಪುಟ್ಟ ಮೀಟರಿಗೆ ಮನೆಗೆ ಬರುವ ಗಾಜಿನೆಳೆಯ ತಂತಿಯ ತುದಿ ಚುಚ್ಚಿ, ‘ಮೈನಸ್ ಇಪ್ಪತ್ತೊಂಬತ್ತು ಬರ್ತಾ ಇದೆ ಅಮ್ಮ, ಇಪ್ಪತ್ತೇಳಕ್ಕಿಂತ ಕೆಳಗೆ ಹೋದ್ರೆ ಡಬ್ಬಿಗೆ ಕಣ್ಣು ಸರಿ ಕಾಣೂದಿಲ್ಲ’ ಎಂದ. ಆಮೇಲೆ ಜೇಬಿನಿಂದ ಪೆನ್ನಿನಂಥದ್ದು ತೆಗೆದು ತಂತಿಗೆ ಸಿಕ್ಕಿಸಿದ. ಕೆಂಪು ಬೆಳಕು ಗಾಜಿನೆಳೆಯೊಳಗೆ ಹೊರಟಿತು. ಎಳೆ ಸರಿಯಿದ್ದಲ್ಲಿ ಹೊರಗೆ ಏನೂ ಕಾಣದು. ಒಡೆದಲ್ಲಿ ಸೋರುತ್ತದೆ. ನಾವೆಲ್ಲ ತಲೆ ಮೇಲೆತ್ತಿಕೊಂಡು, ಹೊಂಡಕ್ಕೆ ಕಾಲಿಡುತ್ತ, ಉಂಬಳಕ್ಕೆ ರಕ್ತದಾನ ಮಾಡುತ್ತ ಅವನ ಹಿಂದೆ ಮಬ್ಬಿನ ತೋಟದೊಳಗೆ ನಡೆಯುತ್ತೇವೆ. ಮರದಿಂದ ಮರಕ್ಕೆ ಕಟ್ಟಿದ ಕಪ್ಪು ತಂತಿ. ಹಳ್ಳದ ಸಂಕ ದಾಟಿದ ಮೇಲೆ ಅಕ್ಕನೇ ಮೊದಲು ಕಂಡಳು. ‘ಅಕಳ, ಅಲ್ಲಿ!’ ಅಡಿಕೆ ಮರದ ನಡುವೆ ಕೆಂಪಗೆ ಒಂದು ಚುಕ್ಕಿ, ಕುಂಕುಮದಷ್ಟು. ಅಳಿಲು ತಂತಿಯ ಸಿಪ್ಪೆ ಕೆರೆದು ತಿಂದ ಜಾಗ. ಗಾಳಿಗೆ ಮರ ತೂಗಿದಾಗ ಚುಕ್ಕಿ ಹೆಚ್ಚು ಕಡಿಮೆಯಾಗುತ್ತದೆ. ಲಂಡನ್ನಿನ ಮುಚ್ಚಿದ ಕಟ್ಟಡದಲ್ಲಿ ಯಾರೂ ತೋರಿಸದಿದ್ದ ಬೆಳಕು ನಮ್ಮ ತೋಟದಲ್ಲಿ ಪುಕ್ಕಟೆ ನೋಡಲು ಸಿಕ್ಕಿತು.

ಲೈನ್‌ಮನ್ ಕೆಟ್ಟ ತುಂಡನ್ನು ಕತ್ತರಿಸಿ ಹೊಸದು ಸೇರಿಸಿದ. ಮೀಟರು ಮೈನಸ್ ಇಪ್ಪತ್ತೊಂದು ತೋರಿಸಿತು. ಅವನು ಹೊರಡುವ ಮುಂಚೆ ಇನ್ನೊಂದು ಮಾತು ಹೇಳಿದ. ಕರೆಂಟು ಹೋದರೆ ಈ ಡಬ್ಬಿಯೂ ಹೋಯಿತು, ಹನ್ನೆರಡು ವೋಲ್ಟಿನ ಸಣ್ಣ ಯುಪಿಎಸ್ ಒಂದು ತನ್ನಿ, ವೈಫೈ ಹಗುರಾಗಲು ಟಿವಿ ಹತ್ತಿರಕ್ಕೆ ಲ್ಯಾನ್ ವೈರನ್ನೂ ಎಳೆದುಬಿಡಿ.

ಮರುದಿನ ಸಿದ್ದಾಪುರ ಪೇಟೆಗೆ ಹೋದೆ. ಅಂಗಡಿಯವ ಯುಪಿಎಸ್ ಕೊಟ್ಟ, ವೈರನ್ನು ಮಾತ್ರ ಕತ್ತರಿಸಿ ಕೊಡುವುದಿಲ್ಲ, ಇಡೀ ಸುರುಳಿಯನ್ನೇ ಒಯ್ಯಬೇಕು ಎಂದು ಕೂತ. ಕೊನೆಗೆ ಅದನ್ನು ಭುಜಕ್ಕೆ ಹಾಕಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಮೇಲಿಂದ ಕೆಳಗೆ ನೋಡಿದ. ‘ಎಂತದ್ರೀ ಇದು, ತೋಟದ ಪೈಪಾ?’ ಅಲ್ಲಪ್ಪ, ಇಂಟರ್‌ನೆಟ್ ಎಂದೆ. ‘ಇಂಟರ್‌ನೆಟ್ಟಾದ್ರೆ ಲಗೇಜಿಲ್ಲ, ಮಡಿಲಲ್ಲಿ ಇಟ್ಕೊಳ್ಳಿ’ ಎಂದು ನನಗೊಬ್ಬಳಿಗೇ ಟಿಕೆಟ್ ಹರಿದ.